ಒಂದು ಲ್ಯಾಬ್ ರಿಯಾಕ್ಟಿವ್, ಇನ್ನೊಂದು ನೆಗೆಟಿವ್: ಎಚ್‌ಐವಿ ವರದಿಯಲ್ಲಿ ಯಾವುದನ್ನು ನಂಬಬೇಕು?

ಪ್ರಶ್ನೆ: ನನಗೆ 34 ವರ್ಷ. ಊರು ಜಗಳೂರು ತಾಲ್ಲೂಕು, ದಾವಣಗೆರೆಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಹರ್ನಿಯಾ ಆಪರೇಷನ್‌ಗೆಂದು ಖಾಸಗಿ ಆಸ್ಪತ್ರೆಗೆ ಸೇರುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿದರು. ಎಚ್‌ಐವಿ ಎದುರು ‘2.34, ರಿಯಾಕ್ಟಿವ್’ ಎಂದು ಬಂತು. ಗಾಬರಿಯಾಗಿ ಎರಡು ದಿನ ಬಿಟ್ಟು ಬೇರೆ ಲ್ಯಾಬಿಗೆ ಹೋದೆ. ಅಲ್ಲಿ ಕಾರ್ಡ್ ಟೆಸ್ಟ್ ಮಾಡಿ ‘ನೆಗೆಟಿವ್’ ಎಂದು ಬರೆದುಕೊಟ್ಟರು. ಮುಚ್ಚಿಡುವುದಿಲ್ಲ, ಮೊದಲ ಪರೀಕ್ಷೆಗೆ ಐದು ವಾರ ಹಿಂದೆ ಲೋಡಿನ ಜೊತೆ ಹೊರಗೆ ಹೋದಾಗ ಕಾಂಡೋಮ್ ಇಲ್ಲದೆ ಒಂದು ಸಂಪರ್ಕ ಆಗಿದೆ. ಹೆಂಡತಿ ಈಗ ಮೂರು ತಿಂಗಳ ಗರ್ಭಿಣಿ. ಯಾವ ವರದಿ ನಿಜ? ಬೆಂಗಳೂರಿಗೆ ಹೋಗಿ ವೆಸ್ಟರ್ನ್ ಬ್ಲಾಟ್ ಮಾಡಿಸಬೇಕೆ? ಸರ್ಕಾರಿ ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆಯೆ? ಆಪರೇಷನ್ ಮಾಡಲು ಆಸ್ಪತ್ರೆಯವರು ಹಿಂದೆಮುಂದೆ ನೋಡುತ್ತಿದ್ದಾರೆ.

ಉತ್ತರ: ಈ ಎರಡು ಕಾಗದಗಳಲ್ಲಿ ಯಾವ ಒಂದನ್ನು ಹಿಡಿದುಕೊಂಡೂ ನಿಮಗೆ ಎಚ್‌ಐವಿ ಇದೆ ಎಂದಾಗಲಿ, ಇಲ್ಲ ಎಂದಾಗಲಿ ಹೇಳಲು ಬರುವುದಿಲ್ಲ. ನೀವು ಕೊಟ್ಟ ವಿವರ ನೋಡಿದರೆ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಯಾಕೆಂದು ಮುಂದೆ ವಿವರಿಸುತ್ತೇನೆ. ಆದರೆ ಮನೆಯಲ್ಲಿ ಬಸುರಿ ಹೆಂಡತಿ ಇರುವಾಗ ಸಾಧ್ಯತೆಯನ್ನು ನಂಬಿ ಕೂರುವ ಹಾಗಿಲ್ಲ. ವಿಷಯ ಪೂರ್ತಿ ತೀರ್ಮಾನ ಆಗುವವರೆಗೆ ಹೆಂಡತಿಯ ಜೊತೆ ಕಾಂಡೋಮ್ ಇಲ್ಲದೆ ಸೇರಬೇಡಿ, ಯಾರಿಗೂ ರಕ್ತ ಕೊಡಬೇಡಿ, ಈ ವಾರದಲ್ಲೇ ಒಂದು ದಿನ ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರವಾದ ಐಸಿಟಿಸಿಗೆ ಹೋಗಿ. ಮೂರನೇ ಖಾಸಗಿ ಲ್ಯಾಬಿಗೆ ಮಾತ್ರ ಹೋಗಬೇಡಿ. ಅಲ್ಲಿಂದ ಬರುವ ಕಾಗದ ಎರಡಕ್ಕೆ ಒಂದು ಎಂಬ ಓಟಿನ ಲೆಕ್ಕವಾದೀತು, ರೋಗನಿರ್ಣಯ ಆಗುವುದಿಲ್ಲ.

ಮೊದಲು ಆ 2.34 ಏನೆಂದು ತಿಳಿದುಕೊಳ್ಳಿ. ದೊಡ್ಡ ಲ್ಯಾಬುಗಳಲ್ಲಿ ಯಂತ್ರದ ಮೇಲೆ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ ಇದು. ವೈರಸ್ಸಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನೂ, ವೈರಸ್ಸಿನ ಒಳಗಿನ ಪಿ24 ಎಂಬ ಪ್ರೋಟೀನನ್ನೂ ಇದು ಒಟ್ಟಿಗೇ ಹುಡುಕುತ್ತದೆ. ಸೀರಂನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವದಲ್ಲಿ, ಆ ಗುರುತು ಸಿಕ್ಕಿದಷ್ಟೂ ಬೆಳಕು ಹೊಮ್ಮುತ್ತದೆ. ಆ ಬೆಳಕನ್ನು ಅಳೆದು, ಕಂಪನಿ ನಿಗದಿ ಮಾಡಿದ ಗಡಿಯ ಅಳತೆಯಿಂದ ಭಾಗಿಸಿದರೆ ಬರುವ ಅಂಕಿಯೇ ನಿಮ್ಮ 2.34. ಗಡಿ 1.00. ಅದನ್ನು ದಾಟಿದ್ದಕ್ಕೆಲ್ಲ ಯಂತ್ರ ‘ರಿಯಾಕ್ಟಿವ್’ ಎಂದು ಅಚ್ಚು ಹಾಕುತ್ತದೆ, 1.2 ಬಂದರೂ ಅದೇ ಪದ, 400 ಬಂದರೂ ಅದೇ ಪದ. ಇದು ವೈರಸ್ಸಿನ ಸಂಖ್ಯೆಯಲ್ಲ, ಕಾಯಿಲೆಯ ತೀವ್ರತೆಯೂ ಅಲ್ಲ. ಸೋಂಕು ತಗುಲಿ ಕೆಲವು ತಿಂಗಳಾದವರಲ್ಲಿ ಈ ಅಂಕಿ ಸಾಮಾನ್ಯವಾಗಿ ಹತ್ತಾರು, ಎಷ್ಟೋ ಸಲ ನೂರಾರು ಇರುತ್ತದೆ. ಗಡಿಗೆ ಅಂಟಿಕೊಂಡ ಒಂದು, ಎರಡು, ಮೂರರ ಅಂಕಿಗಳಲ್ಲಿ ಸುಳ್ಳು ರಿಯಾಕ್ಟಿವ್‌ಗಳೇ ಹೆಚ್ಚು. ಆದರೂ ಅಂಕಿ ಕಡಿಮೆ ಎಂದು ಕೈತೊಳೆದುಕೊಳ್ಳುವಂತಿಲ್ಲ, ಯಾಕೆಂದರೆ ತೀರಾ ಹೊಸ ಸೋಂಕು ಏರುಹಾದಿಯಲ್ಲಿ ಇದೇ ಅಂಕಿಗಳನ್ನು ದಾಟಿಕೊಂಡೇ ಮೇಲೆ ಹೋಗುತ್ತದೆ. ಕೆಲವು ಲ್ಯಾಬುಗಳು ಅಂಕಿ ಬಿಟ್ಟು ಬರೀ ‘ರಿಯಾಕ್ಟಿವ್’ ಎಂದಷ್ಟೇ ಬರೆಯುತ್ತವೆ. ಅಂಥ ವರದಿ ಕೈಗೆ ಬಂದವರು ಅಂಕಿಯನ್ನೂ ಯಾವ ಬಗೆಯ ಪರೀಕ್ಷೆ ಎಂಬುದನ್ನೂ ಕೇಳಿ ಬರೆಸಿಕೊಳ್ಳಬೇಕು.

ಸುಳ್ಳು ರಿಯಾಕ್ಟಿವ್ ಯಾಕೆ ಬರುತ್ತದೆ? ಪ್ರತಿಕಾಯಗಳು ಬೀಗದ ಕೈಯಿದ್ದ ಹಾಗೆ. ಒಂದು ಬೀಗಕ್ಕೆ ಮಾಡಿದ ಕೈ ಅಪರೂಪಕ್ಕೆ ಇನ್ನೊಂದರಲ್ಲೂ ತಿರುಗಿಬಿಡುತ್ತದೆ. ಇತ್ತೀಚೆಗೆ ಹಾಕಿಸಿಕೊಂಡ ಲಸಿಕೆ, ಆಗಷ್ಟೇ ಬಂದುಹೋದ ವೈರಲ್ ಜ್ವರ, ಮಲೇರಿಯಾ, ಲೂಪಸ್‌ನಂಥ ಸ್ವಯಂರೋಧಕ ಕಾಯಿಲೆ, ಹೆಂಗಸರಲ್ಲಿ ಕೆಲವೊಮ್ಮೆ ಬಸುರು, ಇವೆಲ್ಲ ಕಾರಣ ಆಗಬಹುದು. ಬಹಳಷ್ಟು ಜನರಲ್ಲಿ ಕಾರಣ ಸಿಗುವುದೇ ಇಲ್ಲ. ಸಿಗದಿದ್ದರೆ ಬೇರೇನೋ ಗುಪ್ತ ಕಾಯಿಲೆ ಇದೆ ಎಂದು ಹುಡುಕಿಕೊಂಡು ಹೋಗಬೇಕಿಲ್ಲ.

ಇಲ್ಲೊಂದು ಲೆಕ್ಕ ಇದೆ. ಒಂದೇ ಪರೀಕ್ಷೆ ನಂಬಿ ಜನ ಎದೆಗುಂದುವುದನ್ನು ತಪ್ಪಿಸುವುದು ಇದೇ ಲೆಕ್ಕ, ಹಾಗಾಗಿ ಸಾವಧಾನವಾಗಿ ಓದಿ. ಭಾರತದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಸುಮಾರು 0.2%. ಕರ್ನಾಟಕದಲ್ಲಿ ಇದಕ್ಕಿಂತ ಹೆಚ್ಚಿದೆ, ಆದರೂ ಸಾವಿರಕ್ಕೆ ಎರಡು ಎಂದೇ ಹಿಡಿಯೋಣ. 10,000 ಜನರನ್ನು ಪರೀಕ್ಷಿಸಿದರೆ ನಿಜವಾಗಿ ಸೋಂಕಿರುವವರು 20. ಕಿಟ್ ಒಳ್ಳೆಯದು, ಆ ಇಪ್ಪತ್ತೂ ಜನರನ್ನು ಹಿಡಿಯಿತು ಎನ್ನೋಣ. ಸೋಂಕಿಲ್ಲದವರಲ್ಲಿ 99.5% ಜನಕ್ಕೆ ‘ಇಲ್ಲ’ ಎಂದು ಸರಿಯಾಗಿ ಹೇಳಿತು ಎಂದೂ ಇಟ್ಟುಕೊಳ್ಳಿ. ಉಳಿದ ಅರ್ಧ ಪರ್ಸೆಂಟ್ ಎಂದರೆ 9,980 ಜನರಲ್ಲಿ ಸುಮಾರು 50. ಒಟ್ಟು 70 ಜನರ ಕೈಗೆ ‘ರಿಯಾಕ್ಟಿವ್’ ಕಾಗದ ಹೋಯಿತು, ಅವರಲ್ಲಿ ಸೋಂಕಿರುವುದು 20 ಜನಕ್ಕೆ ಮಾತ್ರ. ಮೂರರಲ್ಲಿ ಒಬ್ಬರೂ ಇಲ್ಲ. ಈಗ ಇದೇ ಕಿಟ್ಟನ್ನು ನೂರಕ್ಕೆ ಐದು ಜನಕ್ಕೆ ಸೋಂಕಿರುವ ಗುಂಪಿನಲ್ಲಿ ಬಳಸಿ: 10,000ದಲ್ಲಿ 500 ನಿಜ, ಸುಳ್ಳು ಸುಮಾರು 48. ಅಲ್ಲಿ ಅದೇ ಕಾಗದ ಹತ್ತಕ್ಕೆ ಒಂಬತ್ತು ಸಲ ನಿಜ ಹೇಳುತ್ತದೆ. ಕಿಟ್ ಅದೇ, ಗೆರೆ ಅದೇ. ಯಾರ ರಕ್ತ ಎಂಬುದರ ಮೇಲೆ ಗೆರೆಯ ಅರ್ಥ ಬದಲಾಯಿತು. ಆಪರೇಷನ್‌ಗೆ ಮುಂಚೆ ಎಲ್ಲರಿಗೂ ಸಾಲಾಗಿ ಮಾಡುವ ಪರೀಕ್ಷೆಯಲ್ಲಿ ಬಂದ ಒಂಟಿ ರಿಯಾಕ್ಟಿವ್ ಮೊದಲ ಬಗೆಯದು. ಆ 70 ಜನಕ್ಕೆ ಬೇರೆ ಜಾತಿಯ ಎರಡನೇ ಕಿಟ್ ಹಾಕಿದರೆ 50 ಸುಳ್ಳುಗಳಲ್ಲಿ ಒಂದು ಉಳಿದರೆ ಹೆಚ್ಚು. ಮೂರನೇ ಕಿಟ್ ಅದನ್ನೂ ಜರಡಿ ಹಿಡಿಯುತ್ತದೆ.

ಇನ್ನು ನಿಮ್ಮ ಎರಡನೇ ಕಾಗದ, ಕಾರ್ಡ್ ಟೆಸ್ಟ್. ಅಂಗೈಗಿಂತ ಚಿಕ್ಕ ಪ್ಲಾಸ್ಟಿಕ್ ಪಟ್ಟಿ, ಒಂದು ತುದಿಯಲ್ಲಿ ದುಂಡು ಗುಳಿ, ನಡುವೆ ಉದ್ದನೆಯ ಕಿಂಡಿ. ಗುಳಿಗೆ ಸೀರಂ ಅಥವಾ ರಕ್ತದ ಹನಿ ಬಿಟ್ಟು ಮೇಲೆ ಬಫರ್ ದ್ರಾವಣ ಹಾಕುತ್ತಾರೆ. ಹನಿ ಒಳಗಿನ ಕಾಗದದಲ್ಲಿ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಸರಿಯುತ್ತದೆ. ದಾರಿಯಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳು ಕಾದು ಕುಳಿತಿರುತ್ತವೆ. ಚಿನ್ನ ಅಷ್ಟು ಸಣ್ಣದಾದಾಗ ಹಳದಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ರಕ್ತದಲ್ಲಿ ಎಚ್‌ಐವಿ ಪ್ರತಿಕಾಯ ಇದ್ದರೆ ಅದು ಆ ಕಣಗಳನ್ನು ಹೊತ್ತುಕೊಂಡು ಹೋಗಿ, ವೈರಸ್ಸಿನ ಪ್ರೋಟೀನ್ ಬಳಿದ ಗೆರೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಕೆಂಪು ಗೆರೆ ಮೂಡುತ್ತದೆ. ಎಚ್‌ಐವಿ-1 ಮತ್ತು ಎಚ್‌ಐವಿ-2ಕ್ಕೆ ಹಲವು ಕಾರ್ಡುಗಳಲ್ಲಿ ಬೇರೆ ಬೇರೆ ಗೆರೆ ಇರುತ್ತದೆ. ಅದರಾಚೆ ಇರುವ ಕಂಟ್ರೋಲ್ ಗೆರೆ ಯಾರ ರಕ್ತ ಹಾಕಿದರೂ ಮೂಡಲೇಬೇಕು. ಅದು ಬರದಿದ್ದರೆ ಆ ಕಾರ್ಡ್ ಕೆಟ್ಟಿದೆ ಎಂದು ತೆಗೆದುಕೊಂಡು ಹೊಸ ಕಾರ್ಡಿನಲ್ಲಿ ಮಾಡಬೇಕು. ‘ಗೆರೆ ಇಲ್ಲ, ಹಾಗಾಗಿ ನೆಗೆಟಿವ್’ ಎನ್ನುವಂತಿಲ್ಲ.

ಎಡವಟ್ಟು ಆಗುವುದು ಸಣ್ಣ ಸಣ್ಣ ಕಡೆ. ಹೆಚ್ಚಿನ ಕಾರ್ಡುಗಳನ್ನು 2ರಿಂದ 30 ಡಿಗ್ರಿಯೊಳಗೆ ಇಡಬೇಕು, ಕೆಲವು ಕಿಟ್‌ಗಳಿಗೆ 2ರಿಂದ 8 ಡಿಗ್ರಿಯ ಫ್ರಿಜ್ಜೇ ಬೇಕು. ನಮ್ಮ ಬಯಲುಸೀಮೆಯ ಏಪ್ರಿಲ್–ಮೇ ಬಿಸಿಲಲ್ಲಿ, ಅದೂ ಕರೆಂಟ್ ಹೋದ ಮಧ್ಯಾಹ್ನ, ತಗಡಿನ ಮಾಡಿನ ಕೋಣೆಯೊಳಗಿನ ಶಾಖ ಎಷ್ಟಿರುತ್ತದೆ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಬಿಸಿ ತಿಂದ ಕಿಟ್‌ನಲ್ಲಿ ಕಂಟ್ರೋಲ್ ಗೆರೆ ಬಂದರೂ ಪರೀಕ್ಷೆಯ ಗೆರೆ ಸೋತಿರಬಹುದು. ಫ್ರಿಜ್ಜಿನಿಂದ ತೆಗೆದ ಕಿಟ್ಟನ್ನು ಕೋಣೆಯ ಶಾಖಕ್ಕೆ ಬರಲು ಬಿಡದೆ ಹಾಗೇ ಬಳಸುವುದೂ ತಪ್ಪೇ. ಪೊಟ್ಟಣ ಒಡೆದು ಇಟ್ಟರೆ ತೇವ ಹಿಡಿಯುತ್ತದೆ. ಒಂದು ಕಿಟ್‌ನ ಬಫರ್ ಖಾಲಿಯಾಯಿತೆಂದು ಇನ್ನೊಂದರದು ಹಾಕುವುದು, ಒಬ್ಬರಿಗೆ ಬಳಸಿದ ಡ್ರಾಪರ್ ಇನ್ನೊಬ್ಬರಿಗೆ ಬಳಸುವುದು, ಟ್ಯೂಬಿನ ಮೇಲೆ ಹೆಸರು ಅದಲುಬದಲಾಗುವುದು, ಇವೂ ಆಗುತ್ತವೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಸಮಯದ ತಪ್ಪು. ಕಿಟ್‌ಗೆ ತಕ್ಕಂತೆ 15ರಿಂದ 20 ನಿಮಿಷಕ್ಕೆ ಓದಬೇಕು. ಐದು ನಿಮಿಷಕ್ಕೇ ನೋಡಿ ಬದಿಗಿಟ್ಟರೆ ನಿಧಾನವಾಗಿ ಮೂಡುವ ತೆಳು ಗೆರೆ ತಪ್ಪಿಹೋಗುತ್ತದೆ. ಅರ್ಧ ಗಂಟೆ ಕಳೆದ ಮೇಲೆ ನೋಡಿದರೆ ಕಾಗದ ಒಣಗುವಾಗ ಬರುವ ನೆರಳನ್ನು ಗೆರೆ ಎಂದುಕೊಳ್ಳುತ್ತಾರೆ. ಸರಿಯಾದ ಸಮಯದೊಳಗೆ ಬಂದ ಗೆರೆ ಎಷ್ಟೇ ಮಸುಕಾಗಿದ್ದರೂ ರಿಯಾಕ್ಟಿವ್ ಎಂದೇ ಬರೆದು ಮುಂದಿನ ಕಿಟ್‌ಗೆ ಹೋಗಬೇಕು.

ನಿಮ್ಮ ಕಾರ್ಡ್ ಸರಿಯಾಗೇ ಕೆಲಸ ಮಾಡಿದೆ ಎಂದಿಟ್ಟುಕೊಳ್ಳೋಣ. ಆಗಲೂ ಎರಡು ಪರೀಕ್ಷೆಗಳು ಬೇರೆ ಬೇರೆ ಹೇಳಲು ಕಾರಣ ಇದೆ. ಬಹುತೇಕ ಕಾರ್ಡುಗಳು ಪ್ರತಿಕಾಯ ಮಾತ್ರ ಹುಡುಕುತ್ತವೆ, ಯಂತ್ರ ಪಿ24ನ್ನೂ ಹುಡುಕುತ್ತದೆ. ಸೋಂಕು ತಗುಲಿದ ಮೇಲೆ ರಕ್ತದಲ್ಲಿ ಮೊದಲು ಕಾಣುವುದು ವೈರಸ್ಸಿನ ವಂಶವಾಹಿ ವಸ್ತುವಾದ ಆರ್‌ಎನ್‌ಎ, ಸುಮಾರು ಹತ್ತು–ಹನ್ನೆರಡು ದಿನಕ್ಕೆ. ಆಮೇಲೆ ಪಿ24, ಎರಡು ವಾರ ದಾಟುವಾಗ. ಪ್ರತಿಕಾಯ ಬರುವುದು ಮೂರನೇ ವಾರದ ನಂತರ, ಕೆಲವರಲ್ಲಿ ಇನ್ನೂ ತಡ. ಈ ನಡುವಿನ ಕುರುಡು ದಿನಗಳನ್ನೇ ವಿಂಡೋ ಪೀರಿಯಡ್, ಗವಾಕ್ಷಿ ಅವಧಿ ಎನ್ನುವುದು. ಪರೀಕ್ಷೆಗಳ ಲೆಕ್ಕದಲ್ಲಿ ಹೇಳುವುದಾದರೆ, ಆರ್‌ಎನ್‌ಎ ಹುಡುಕುವ ಪರೀಕ್ಷೆ ಸೋಂಕನ್ನು 10ರಿಂದ 33 ದಿನದೊಳಗೆ ಹಿಡಿಯುತ್ತದೆ. ತೋಳಿನಿಂದ ತೆಗೆದ ರಕ್ತದಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಯಂತ್ರದ ಪರೀಕ್ಷೆ 18ರಿಂದ 45 ದಿನ, ಪ್ರತಿಕಾಯ ಮಾತ್ರ ನೋಡುವ ಪರೀಕ್ಷೆಗಳು 23ರಿಂದ 90 ದಿನ ತೆಗೆದುಕೊಳ್ಳುತ್ತವೆ. ಬೆರಳು ಚುಚ್ಚಿ ತೆಗೆದ ರಕ್ತದ ಹನಿಯಲ್ಲಿ ಮಾಡಿದರೆ ಸೀರಂಗಿಂತ ಸ್ವಲ್ಪ ತಡವಾಗಿಯೇ ಸುಳಿವು ಸಿಗುತ್ತದೆ. ಆದ್ದರಿಂದ ನೆಗೆಟಿವ್ ಎಂಬ ಪದದ ಪಕ್ಕ ಎರಡು ದಿನಾಂಕ ಬೇಕು: ಕೊನೆಯ ಸಂಪರ್ಕ ಎಂದು ಆಯಿತು, ರಕ್ತ ಎಂದು ತೆಗೆದರು. ಹತ್ತು ದಿನಕ್ಕೆ ಮಾಡಿಸಿದ ಕಾರ್ಡ್ ಟೆಸ್ಟ್ ನೆಗೆಟಿವ್ ಬಂದರೆ ಅದು ಸಂಪರ್ಕಕ್ಕೆ ಮುಂಚಿನ ನಿಮ್ಮ ಸ್ಥಿತಿಯನ್ನು ಹೇಳುತ್ತದೆ, ಆ ಸಂಪರ್ಕದ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಿಮ್ಮ ಲೆಕ್ಕಕ್ಕೆ ಬರೋಣ. ಯಂತ್ರದ ಪರೀಕ್ಷೆ 35ನೇ ದಿನ, ಕಾರ್ಡ್ 37ನೇ ದಿನ. ಆ ಸಂಪರ್ಕದಿಂದ ಸೋಂಕು ಬಂದಿದ್ದರೆ ಐದು ವಾರಕ್ಕೆ ಹೆಚ್ಚಿನವರಲ್ಲಿ ಯಂತ್ರದ ಅಂಕಿ 2.34ರಲ್ಲಿ ನಿಲ್ಲುತ್ತಿರಲಿಲ್ಲ, ಚೆನ್ನಾಗಿ ಮೇಲೇರಿರುತ್ತಿತ್ತು. ಕಾರ್ಡಿನಲ್ಲೂ ಗೆರೆ ಬರುವ ಸಂಭವ ಹೆಚ್ಚಿತ್ತು. ಎರಡೂ ಆಗಿಲ್ಲ. ಸುಳ್ಳು ರಿಯಾಕ್ಟಿವ್ ಇರಬಹುದು ಎಂದು ನಾನು ಹೇಳಿದ್ದು ಇದೇ ಕಾರಣಕ್ಕೆ. ಆದರೆ ಪ್ರತಿಕಾಯ ತಡವಾಗಿ ಬರುವ ಕೆಲವರಲ್ಲಿ ನೀವೂ ಒಬ್ಬರಾಗಿದ್ದರೆ? 37ನೇ ದಿನದ ಕಾರ್ಡ್ ಆ ಪ್ರಶ್ನೆಯನ್ನು ಮುಚ್ಚುವುದಿಲ್ಲ. ನಡುವೆ ಜ್ವರ, ಗಂಟಲು ನೋವು, ಮೈಮೇಲೆ ಗಂದೆ, ಕುತ್ತಿಗೆಯಲ್ಲಿ ಗಂಟು ಬಂದಿತ್ತೇ ಎಂದು ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ಹೊಸ ಸೋಂಕಿನಲ್ಲಿ ಎರಡರಿಂದ ನಾಲ್ಕು ವಾರಕ್ಕೆ ಇವು ಬರುವುದುಂಟು. ಡೆಂಗಿಯಲ್ಲೂ, ಸಾಮಾನ್ಯ ವೈರಲ್ ಜ್ವರದಲ್ಲೂ ಇವೇ ಲಕ್ಷಣಗಳು ಬರುವುದರಿಂದ ಇದರ ಮೇಲೆ ತೀರ್ಮಾನ ಬೇಡ.

ಈಗ ಐಸಿಟಿಸಿ. ಆಪ್ತ ಸಮಾಲೋಚನೆ ಮತ್ತು ಪರೀಕ್ಷೆ ಎರಡೂ ಒಂದೇ ಕಡೆ ಉಚಿತವಾಗಿ ಸಿಗುವ ಕೇಂದ್ರ ಇದು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿದೆ, ತಾಲ್ಲೂಕು ಆಸ್ಪತ್ರೆಗಳಲ್ಲೂ ಇದೆ. ಪರಿಚಯದವರ ಕಣ್ಣಿಗೆ ಬೀಳುತ್ತೇನೆ ಎಂಬ ಅಳುಕಿದ್ದರೆ ಚಿತ್ರದುರ್ಗ ಜಿಲ್ಲಾಸ್ಪತ್ರೆಗೆ ಹೋಗಿ. ನಿಮ್ಮ ಜಿಲ್ಲೆಯಲ್ಲೇ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ. ಎಲ್ಲಿಗೆ ಹೋಗಬೇಕು ಎಂದು 1097ಕ್ಕೆ ಕರೆ ಮಾಡಿಯೂ ಕೇಳಬಹುದು, ಕರೆ ಉಚಿತ, ಹೆಸರು ಹೇಳಬೇಕಿಲ್ಲ. ಒಂದು ಎಚ್ಚರ: ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಬೆರಳು ಚುಚ್ಚಿ ಎಚ್‌ಐವಿ ನೋಡುತ್ತಾರೆ. ಅಲ್ಲಿರುವುದು ಒಂದೇ ಕಿಟ್‌ನ ಸೋಸುವ ಪರೀಕ್ಷೆ. ರಿಯಾಕ್ಟಿವ್ ಬಂದವರನ್ನು ಖಚಿತಪಡಿಸಲು ಐಸಿಟಿಸಿಗೇ ಕಳಿಸುತ್ತಾರೆ. ನಿಮ್ಮಂಥ ಗೊಂದಲದ ವರದಿ ಇರುವವರು ನೇರವಾಗಿ ಜಿಲ್ಲಾಸ್ಪತ್ರೆಗೆ ಹೋಗುವುದು ಒಳ್ಳೆಯದು.

ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಎರಡೂ ವರದಿ ತೆಗೆದುಕೊಂಡು ಹೋಗಿ ಆಪ್ತ ಸಮಾಲೋಚಕರ ಮುಂದೆ ಇಡಿ, ನನಗೆ ಬರೆದ ಹಾಗೆಯೇ ಆ ಐದು ವಾರದ ಹಿಂದಿನ ವಿಷಯವನ್ನೂ ಹೇಳಿ. ದಿನಾಂಕ ಮುಚ್ಚಿಟ್ಟರೆ ಅವರು ಕೊಡುವ ಸಲಹೆಯೇ ತಪ್ಪುತ್ತದೆ. ಅವರು ಈ ಬಗೆಯ ಮಾತು ದಿನವೂ ಕೇಳುವವರು, ನಿಮ್ಮನ್ನು ಅಳೆಯಲು ಕುಳಿತವರಲ್ಲ. ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅದರಲ್ಲೂ ಸಂಪರ್ಕದ ನಂತರ ಯಾರಾದರೂ 28 ದಿನದ ತಡೆ ಮಾತ್ರೆ ಕೊಟ್ಟಿದ್ದರೆ ತಪ್ಪದೆ ಹೇಳಬೇಕು. ಪಿಇಪಿ ಎಂಬ ಆ ಮಾತ್ರೆಯನ್ನು 72 ಗಂಟೆಯೊಳಗೆ, ಆದಷ್ಟೂ ಮೊದಲ ಕೆಲವು ಗಂಟೆಗಳಲ್ಲೇ ಶುರು ಮಾಡಬೇಕು. ನಿಮಗೆ ಆ ಸಮಯ ದಾಟಿದೆ. ಓದುವ ಬೇರೆಯವರಿಗೆ ತಿಳಿದಿರಲಿ ಎಂದು ಬರೆದೆ. ಅದನ್ನು ತೆಗೆದುಕೊಂಡವರಲ್ಲಿ ಪ್ರತಿಕಾಯ ಕಾಣಿಸುವುದು ತಡವಾಗಬಹುದು, ಹಾಗಾಗಿ ಗವಾಕ್ಷಿ ಅವಧಿಯ ಲೆಕ್ಕವೂ ಬೇರೆಯಾಗುತ್ತದೆ.

ಒಪ್ಪಿಗೆಗೆ ಸಹಿ ಮಾಡಿದ ಮೇಲೆ ತೋಳಿನಿಂದ 3ರಿಂದ 5 ಎಂಎಲ್ ರಕ್ತ ತೆಗೆಯುತ್ತಾರೆ. ಟ್ಯೂಬಿನಲ್ಲಿ ಅದು ಸುಮಾರು ಅರ್ಧ ಗಂಟೆ ಹೆಪ್ಪುಗಟ್ಟಬೇಕು, ನಂತರ ಯಂತ್ರದಲ್ಲಿ ತಿರುಗಿಸಿ ಮೇಲಿನ ಹೊಂಬಣ್ಣದ ಸೀರಂ ಬೇರ್ಪಡಿಸುತ್ತಾರೆ. ಮೊದಲ ಕಿಟ್ ಅತಿ ಚುರುಕಿನದು, ಸಣ್ಣ ಸುಳಿವನ್ನೂ ಬಿಡುವುದಿಲ್ಲ. ಅದರಲ್ಲಿ ಏನೂ ಬರದಿದ್ದರೆ ನೆಗೆಟಿವ್ ಎಂದು ವರದಿ ಕೊಡುತ್ತಾರೆ. ಬಂದರೆ ಅದೇ ರಕ್ತವನ್ನು ಎರಡನೇ, ಮೂರನೇ ಕಿಟ್‌ಗೆ ಹಾಕುತ್ತಾರೆ. ಈ ಮೂರು ಒಂದೇ ಡಬ್ಬಿಯಿಂದ ತೆಗೆದ ಮೂರು ಕಾರ್ಡುಗಳಲ್ಲ. ಬಳಸುವ ವೈರಸ್ ಪ್ರೋಟೀನ್ ಬೇರೆ, ಕೆಲಸ ಮಾಡುವ ವಿಧಾನ ಬೇರೆ: ಒಂದರಲ್ಲಿ ಹನಿ ಅಡ್ಡಲಾಗಿ ಹರಿಯುತ್ತದೆ, ಇನ್ನೊಂದರಲ್ಲಿ ಮೇಲಿನಿಂದ ಕೆಳಗೆ ಇಂಗಿ ಚುಕ್ಕೆ ಮೂಡಿಸುತ್ತದೆ, ಮತ್ತೊಂದು ಬಾಚಣಿಗೆಯ ಹಲ್ಲಿನ ಆಕಾರದಲ್ಲಿರುತ್ತದೆ. ಒಂದು ಕಿಟ್‌ನ್ನು ಮೋಸಗೊಳಿಸಿದ ಪ್ರತಿಕಾಯ ಇನ್ನೊಂದನ್ನೂ ಅದೇ ರೀತಿ ಮೋಸಗೊಳಿಸದಿರಲಿ ಎಂದೇ ಈ ಏರ್ಪಾಡು. ಅದೇ ಕಿಟ್ಟನ್ನು ಮೂರು ಸಲ ಮಾಡಿದರೆ ಅದೇ ತಪ್ಪು ಮೂರು ಸಲ ಬರುತ್ತದೆ. ಖಾಸಗಿಯಲ್ಲಿ ‘ರಿಪೀಟ್ ಮಾಡಿ ಖಚಿತಪಡಿಸಿದ್ದೇವೆ’ ಎಂದು ಬರೆಯುವಾಗ ಎಷ್ಟೋ ಸಲ ಆಗುವುದು ಇದೇ.

ಮೂರೂ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್. ಮೊದಲನೆಯದು ಮಾತ್ರ ಬಂದು ಉಳಿದೆರಡು ಬರದಿದ್ದರೆ ನೆಗೆಟಿವ್. ಯಾವುದಾದರೂ ಎರಡು ಬಂದು ಒಂದು ಬರದಿದ್ದರೆ ‘ಇಂಡಿಟರ್ಮಿನೇಟ್’, ಅಂದರೆ ಇನ್ನೂ ಹೇಳಲಾಗದು ಎಂದು ಬರೆದು, 14ರಿಂದ 28 ದಿನ ಬಿಟ್ಟು ಹೊಸ ರಕ್ತದಲ್ಲಿ ಮತ್ತೆ ಮಾಡುತ್ತಾರೆ. ಹೊಸ ಸೋಂಕಾಗಿದ್ದರೆ ಅಷ್ಟರಲ್ಲಿ ಪ್ರತಿಕಾಯ ಬಲಿತು ಮೂರರಲ್ಲೂ ಬರುತ್ತದೆ, ಸುಳ್ಳಾಗಿದ್ದರೆ ಅಲ್ಲೇ ನಿಂತಿರುತ್ತದೆ ಅಥವಾ ಮಾಯವಾಗುತ್ತದೆ. ಆಗಲೂ ಬಗೆಹರಿಯದಿದ್ದರೆ ರಕ್ತದ ಮಾದರಿಯನ್ನು ರೆಫರೆನ್ಸ್ ಲ್ಯಾಬಿಗೆ ಕಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥ ರಾಷ್ಟ್ರೀಯ ಮಟ್ಟದ ಪ್ರಯೋಗಾಲಯ ಇದೆ. ಮಾದರಿ ಹೋಗುತ್ತದೆ, ನೀವು ಹೋಗಬೇಕಿಲ್ಲ.

ವೆಸ್ಟರ್ನ್ ಬ್ಲಾಟ್‌ಗಾಗಿ ಬೆಂಗಳೂರಿಗೆ ಓಡಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಒಂದು ಕಾಲಕ್ಕೆ ಅದೇ ಕೊನೆಯ ಮಾತಾಗಿತ್ತು, ಆ ಹೆಸರು ಈಗಲೂ ಜನರ ಬಾಯಲ್ಲಿ ಉಳಿದಿದೆ. ಆದರೆ ಅದು ಪ್ರತಿಕಾಯ ಮಾತ್ರ ನೋಡುವ ಪರೀಕ್ಷೆ, ನಿಮಗೆ ಮಾಡಿದ ಯಂತ್ರದ ಪರೀಕ್ಷೆಗಿಂತ ತಡವಾಗಿ ಸೋಂಕು ಹಿಡಿಯುತ್ತದೆ. ಜೊತೆಗೆ ಸೋಂಕಿಲ್ಲದವರಲ್ಲೂ ಒಂದೆರಡು ಪಟ್ಟಿ ಮೂಡಿ ‘ಇಂಡಿಟರ್ಮಿನೇಟ್’ ಬರುವುದು ಅದರಲ್ಲಿ ಸಾಮಾನ್ಯ. ದುಡ್ಡು ಕೊಟ್ಟು ಗೊಂದಲ ತಂದುಕೊಂಡ ಹಾಗಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕೈಬಿಟ್ಟು ಬೇರೆ ಬೇರೆ ಕಿಟ್‌ಗಳ ಸರಣಿಯನ್ನೇ ಬಳಸಲು ಸೂಚಿಸಿದೆ.

ನಿಮ್ಮ ಸ್ಥಿತಿಯಲ್ಲಿ ನಿಜಕ್ಕೂ ಹೊಸ ಮಾಹಿತಿ ಕೊಡಬಲ್ಲ ಪರೀಕ್ಷೆ ಒಂದಿದೆ, ಎಚ್‌ಐವಿ ಆರ್‌ಎನ್‌ಎ ಪಿಸಿಆರ್. ವಿಂಡೋ ಅವಧಿಯ ಹೊಸ ಸೋಂಕಿನಲ್ಲಿ ಒಂದು ಎಂಎಲ್ ರಕ್ತದಲ್ಲಿ ವೈರಸ್ ಸಾಮಾನ್ಯವಾಗಿ ಲಕ್ಷಗಟ್ಟಲೆ ಇರುತ್ತದೆ. 35 ದಿನ ದಾಟಿದವರಲ್ಲಿ, ಯಾವ ಎಚ್‌ಐವಿ ಮಾತ್ರೆಯನ್ನೂ ತೆಗೆದುಕೊಳ್ಳದಿರುವಾಗ, ಆರ್‌ಎನ್‌ಎ ಕಾಣದಿದ್ದರೆ ಆ 2.34 ಸುಳ್ಳು ಎಂಬುದಕ್ಕೆ ಬಲವಾದ ಆಧಾರ ಸಿಕ್ಕಂತೆ. ಖಾಸಗಿಯಲ್ಲಿ ಕೆಲವು ಸಾವಿರ ರೂಪಾಯಿ ಆಗುತ್ತದೆ. ಹೆಂಡತಿ ಬಸುರಿ ಇರುವುದರಿಂದ, ಕೈಲಾದರೆ ವೈದ್ಯರನ್ನು ಕೇಳಿ ಮಾಡಿಸಿ ಎನ್ನುವುದು ನನ್ನ ಅಭಿಪ್ರಾಯ. ಕೈಲಾಗದಿದ್ದರೆ ಚಿಂತೆಯಿಲ್ಲ, ಕಾಂಡೋಮ್ ಹಾಗೂ ದಿನಾಂಕ ತಪ್ಪದ ಮರುಪರೀಕ್ಷೆ ಅದೇ ಉತ್ತರವನ್ನು ಸ್ವಲ್ಪ ತಡವಾಗಿ ಕೊಡುತ್ತವೆ. ಪಿಸಿಆರ್‌ನಲ್ಲಿ ತೀರಾ ಸಣ್ಣ ಸಂಖ್ಯೆ ಬಂದರೆ ಅದನ್ನೂ ಹಾಗೇ ನಂಬಬೇಡಿ. ಅದಕ್ಕೂ ಎರಡನೇ ಮಾದರಿ ಬೇಕು.

ಸಿಡಿ4 ಪರೀಕ್ಷೆಯ ಬಗ್ಗೆ ಎರಡು ಮಾತು, ಯಾಕೆಂದರೆ ‘ಏಡ್ಸ್ ಟೆಸ್ಟ್’ ಎಂದು ಇದನ್ನು ಮಾಡಿಸಿಕೊಂಡು ಬರುವವರಿದ್ದಾರೆ. ಸಿಡಿ4 ಎಂಬ ರಕ್ತಕಣ ಟಿಬಿಯಲ್ಲೂ, ಜೋರು ಜ್ವರದಲ್ಲೂ ಇಳಿಯುತ್ತದೆ. ಎಚ್‌ಐವಿ ಖಚಿತವಾದ ಮೇಲೆ ರೋಗನಿರೋಧಕ ಶಕ್ತಿ ಎಷ್ಟು ಉಳಿದಿದೆ ಎಂದು ಅಳೆಯಲು ಅದು ಬೇಕು. 200ಕ್ಕಿಂತ ಕೆಳಗಿಳಿದರೆ ಅಥವಾ ಕೆಲವು ನಿರ್ದಿಷ್ಟ ಕಾಯಿಲೆಗಳು ಬಂದರೆ ಆ ಹಂತಕ್ಕೆ ಏಡ್ಸ್ ಎನ್ನುತ್ತಾರೆ. ಸೋಂಕು ಇದೆಯೋ ಇಲ್ಲವೋ ಎಂದು ತಿಳಿಯಲು ಸಿಡಿ4 ಬರುವುದಿಲ್ಲ. ಹಾಗೆಯೇ ಪರೀಕ್ಷೆಗೆಂದು ರಕ್ತದಾನ ಮಾಡುವುದು ದೊಡ್ಡ ತಪ್ಪು. ರಕ್ತನಿಧಿಯವರು ಪ್ರತಿ ಬಾಟಲಿಯನ್ನೂ ಪರೀಕ್ಷಿಸುತ್ತಾರೆ ನಿಜ, ಆದರೆ ಗವಾಕ್ಷಿ ಅವಧಿಯ ರಕ್ತ ಅವರ ಕಣ್ಣನ್ನೂ ತಪ್ಪಿಸಬಹುದು. ಆ ಬಾಟಲಿ ಯಾವುದೋ ಬಾಣಂತಿಗೆ, ಯಾವುದೋ ಅಪಘಾತದ ಹುಡುಗನಿಗೆ ಹೋಗುತ್ತದೆ.

ಗುಟ್ಟಿನ ವಿಷಯ. ಐಸಿಟಿಸಿಯಲ್ಲಿ ನಿಮಗೊಂದು ನೋಂದಣಿ ಸಂಖ್ಯೆ ಕೊಡುತ್ತಾರೆ, ವರದಿಯನ್ನು ಸಮಾಲೋಚನೆಯ ಜೊತೆ ನಿಮ್ಮ ಕೈಗೇ ಕೊಡುತ್ತಾರೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ, ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಇದು ಖಾಸಗಿ ಆಸ್ಪತ್ರೆಗೂ ಅನ್ವಯಿಸುತ್ತದೆ. ಆಪರೇಷನ್ ಕೋಣೆಯಲ್ಲಿ ಗ್ಲೌಸ್, ಮುಖರಕ್ಷೆ, ಸೂಜಿಯ ಎಚ್ಚರ ಎಲ್ಲ ರೋಗಿಗಳಿಗೂ ಒಂದೇ ಇರಬೇಕು, ಯಾಕೆಂದರೆ ಗವಾಕ್ಷಿ ಅವಧಿಯಲ್ಲಿರುವ ‘ನೆಗೆಟಿವ್’ ರೋಗಿಯ ರಕ್ತವೂ ಅಷ್ಟೇ ಅಪಾಯದ್ದು. ನಿಮ್ಮ ವೈದ್ಯರ ಹತ್ತಿರ ಇದನ್ನು ಮರ್ಯಾದೆಯಿಂದಲೇ, ಆದರೆ ಬಿಡದೆ ಹೇಳಿ. ಒಪ್ಪದಿದ್ದರೆ ನಿರಾಕರಣೆಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಈ ಕಾಯ್ದೆಯಡಿ ರಾಜ್ಯ ನೇಮಿಸುವ ಓಂಬುಡ್ಸ್‌ಮನ್‌ಗೆ ದೂರು ಕೊಡಲು ಅವಕಾಶ ಇದೆ. ನಿಮ್ಮ ಹರ್ನಿಯಾ ಒಳಗೆ ತಳ್ಳಿದರೆ ಹೋಗುವಂಥದ್ದಾಗಿದ್ದರೆ ಕೆಲವು ವಾರ ಕಾಯಬಹುದೇ ಎಂದು ಸರ್ಜನ್‌ರನ್ನೇ ಕೇಳಿ. ಗಡ್ಡೆ ಗಟ್ಟಿಯಾಗಿ ಒಳಗೆ ಹೋಗದೆ ನೋವು, ವಾಂತಿ ಶುರುವಾದರೆ ಅದು ತುರ್ತು. ಎಚ್‌ಐವಿ ವರದಿಗೆ ಕಾಯುವ ಮಾತೇ ಇಲ್ಲ.

ಹೆಂಡತಿಯ ವಿಷಯ ನಿಮಗೆ ಹೆಚ್ಚು ಕಷ್ಟ ಎಂದು ಗೊತ್ತು. ಗರ್ಭಿಣಿಯರಿಗೆಲ್ಲ ಮೊದಲ ತಪಾಸಣೆಯಲ್ಲೇ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಮಾಡುತ್ತಾರೆ, ಅವರದ್ದು ಆಗಿದೆಯೇ, ಯಾವ ದಿನ ಆಗಿದೆ ಎಂದು ತಾಯಿ ಕಾರ್ಡ್ ನೋಡಿ. ನಿಮ್ಮ ಆ ಸಂಪರ್ಕಕ್ಕೆ ಮುಂಚೆಯೇ ಮಾಡಿಸಿದ್ದರೆ ಅದು ಈಗ ಸಾಲದು. ನಿಮ್ಮದು ಪಾಸಿಟಿವ್ ಎಂದಾದರೆ ಅವರಿಗೆ ತಕ್ಷಣ ಪರೀಕ್ಷೆ ಬೇಕು, ಕೊನೆಯದಾಗಿ ನೀವಿಬ್ಬರೂ ಸೇರಿದ ದಿನದಿಂದ ಗವಾಕ್ಷಿ ಅವಧಿ ಎಣಿಸಿ ಮತ್ತೆ ಬೇಕು. ಬಸುರಿಯಲ್ಲಿ ಹೊಸದಾಗಿ ಸೋಂಕು ತಗುಲಿದರೆ ವೈರಸ್ ಉಕ್ಕುವ ಕಾಲವಾದ್ದರಿಂದ ಮಗುವಿಗೆ ಅಪಾಯ ಹೆಚ್ಚು. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಂಭವ 15ರಿಂದ 45%, ಸರಿಯಾದ ಸಮಯಕ್ಕೆ ಮಾತ್ರೆ ಶುರುವಾದರೆ ಅದನ್ನು 5%ಕ್ಕಿಂತ ಕೆಳಗೆ ಇಳಿಸಬಹುದು. ಇಷ್ಟು ದೊಡ್ಡ ವ್ಯತ್ಯಾಸ ಬರೀ ಬೇಗ ತಿಳಿದುಕೊಳ್ಳುವುದರಲ್ಲಿದೆ. ಹೇಗೆ ಹೇಳಲಿ ಎಂದು ತೋಚದಿದ್ದರೆ ಸಮಾಲೋಚಕರ ಎದುರು ಇಬ್ಬರೂ ಕುಳಿತು ಮಾತಾಡಲು ಏರ್ಪಾಡು ಮಾಡಿಕೊಡುತ್ತಾರೆ. ಅಲ್ಲಿಯವರೆಗೆ ‘ಆಪರೇಷನ್ ಮುಗಿಯುವವರೆಗೆ ದೂರ ಇರಲು ಹೇಳಿದ್ದಾರೆ’ ಎಂದರೂ ನಡೆಯುತ್ತದೆ, ಹರ್ನಿಯಾ ಇರುವವರಿಗೆ ಅದು ಅಸಹಜ ಮಾತೇನಲ್ಲ. ಆದರೆ ಪಾಸಿಟಿವ್ ಎಂದು ಖಚಿತವಾದ ಮೇಲೆ ಒಂದು ದಿನವೂ ಮುಚ್ಚಿಡಬೇಡಿ.

ಒಂದು ವೇಳೆ ಮೂರೂ ಕಿಟ್‌ನಲ್ಲಿ ಬಂದರೆ, ಸಿಡಿ4 ಎಷ್ಟೇ ಇರಲಿ ಚಿಕಿತ್ಸೆ ಶುರು ಮಾಡುತ್ತಾರೆ. ಭಾರತದಲ್ಲಿ 2017ರಿಂದ ಇದೇ ನಿಯಮ. ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರ ದಾವಣಗೆರೆ, ಚಿತ್ರದುರ್ಗ ಎರಡು ಕಡೆಯೂ ಇದೆ, ಹೆಚ್ಚಿನವರಿಗೆ ದಿನಕ್ಕೊಂದು ಮಾತ್ರೆ, ಉಚಿತ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಕಾಣದಷ್ಟು ಇಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಮಾತ್ರೆ ಶುರುವಾದ ಮೇಲೆ ‘ಗುಣವಾಯಿತೇ’ ಎಂದು ಮತ್ತೆ ಕಾರ್ಡ್ ಟೆಸ್ಟ್ ಮಾಡಿಸಲು ಹೋಗಬಾರದು. ಬೇಗ ಚಿಕಿತ್ಸೆ ಸಿಕ್ಕ ಕೆಲವರಲ್ಲಿ ಪ್ರತಿಕಾಯ ಇಳಿದು ಗೆರೆ ಬಾರದೆ ಹೋಗಬಹುದು. ಅದನ್ನು ನಂಬಿ ಮಾತ್ರೆ ಬಿಟ್ಟರೆ ವೈರಸ್ ಮತ್ತೆ ಏಳುತ್ತದೆ.

ನಿಮ್ಮ ದಿನಾಂಕಗಳನ್ನು ಹೀಗೆ ಬರೆದಿಟ್ಟುಕೊಳ್ಳಿ. ಈ ವಾರ ಐಸಿಟಿಸಿಯಲ್ಲಿ ಮೊದಲ ಸಲ. ಅಲ್ಲಿ ನೆಗೆಟಿವ್ ಬಂದರೂ, ಇಂಡಿಟರ್ಮಿನೇಟ್ ಬಂದರೂ, ಆ ದಿನದಿಂದ ಎರಡರಿಂದ ನಾಲ್ಕು ವಾರದೊಳಗೆ ಇನ್ನೊಂದು ಸಲ. ಕೊನೆಯದು ಆ ಸಂಪರ್ಕದಿಂದ 90 ದಿನ ತುಂಬಿದ ಮೇಲೆ. ನಡುವೆ ಹೊಸ ಸಂಪರ್ಕ ಆದರೆ ಎಣಿಕೆ ಮತ್ತೆ ಒಂದರಿಂದ. 90 ದಿನದ ನಂತರದ ವರದಿಯೂ ನೆಗೆಟಿವ್ ಆದರೆ ನಿಮಗೆ ಎಚ್‌ಐವಿ ಇಲ್ಲ, 2.34ರ ಕಾಗದಕ್ಕೆ ಇನ್ನು ಬೆಲೆ ಇಲ್ಲ. ಅದನ್ನು ಹರಿದು ಎಸೆಯಬೇಡಿ, ಐಸಿಟಿಸಿಯ ವರದಿಯ ಜೊತೆ ಇಟ್ಟುಕೊಳ್ಳಿ. ಸುಳ್ಳು ರಿಯಾಕ್ಟಿವ್ ಬಂದವರಿಗೆ ಅದೇ ಬಗೆಯ ಯಂತ್ರದಲ್ಲಿ ಮುಂದೆಯೂ ಹಾಗೆ ಬರುವುದುಂಟು, ಆಗ ಮುಂದಿನ ವೈದ್ಯರಿಗೆ ಎರಡನ್ನೂ ಒಟ್ಟಿಗೆ ತೋರಿಸಬಹುದು.